ಬಕೆಟ್ಟಿನ ತೂಕ

"ಸೀಟು ಸಿಕ್ಕಿದೆಯಂತೆ ಕಣೋ ಅವಳಿಗೆ. ಎರಡು ವರ್ಷ, ಖರ್ಚೆಲ್ಲ ಅವರದ್ದೇ. ಈಗ ನೋಡೋಕೆ ಹೋಗ್ತಿದೀವಲ್ಲ, ಅದೇ ಯೂನಿವರ್ಸಿಟೀಲಿ."

"ಯಾರಿಗೆ?"

"ಇನ್ಯಾರಿಗೆ, ನಮ್ಮ ಯಜಮಾನಿಗೆ. ಬಸ್ಸು ಹತ್ತೋವಾಗ ಕಿವೀಲಿ ಹೇಳಿದ್ಳು. ಕಾಗದ ಬಂದು ವಾರ ಆಯ್ತಂತೆ. ಬಾಯಿ ಬಿಟ್ಟಿಲ್ಲ ನೋಡು."

ತಾತ ಮಫ್ಲರಿನೊಳಗಿಂದ ಮೂಗು ಹೊರಗೆ ಹಾಕಿದ. "ಕೆಮಿಸ್ಟ್ರಿ ಎರಡು ಸಲ ಬರೆದೋಳಿಗಾ?"

"ಮೂರು ಸಲ. ಹೊಟ್ಟೆಕಿಚ್ಚು ಪಡಬೇಡ."

"ಹೊಟ್ಟೆಕಿಚ್ಚಲ್ಲಮ್ಮ, ಲೆಕ್ಕ. ಆ ಊರಲ್ಲಿ ಒಂದು ಸೀಟಿಗೆ ಸಾವಿರ ಜನ ಕಿತ್ತಾಡ್ತಾರೆ. ಏನು ನೋಡಿ ಕೊಟ್ರಂತೆ?"

"ಅದನ್ನ ಕೇಳ್ಲಿಲ್ಲ," ಎಂದಳು ಗುಬ್ಬಿ.

ಕೇಳಬೇಕು ಅಂತ ಅವಳಿಗೆ ತೋಚಿಯೂ ಇರಲಿಲ್ಲ. ಗೆಳತಿಗೆ ಒಳ್ಳೆಯದಾಯಿತು ಅಂದರೆ ಕುಣಿಯುವುದೊಂದೇ ಅವಳಿಗೆ ಗೊತ್ತು. ಬಾಯಿಗೆ ಬಿಡುವಿಲ್ಲದೆ ಚಿಲಿಪಿಲಿ ಅನ್ನುತ್ತಿದ್ದಳೆಂದೇ ಹಾಸ್ಟೆಲ್ಲಿನಲ್ಲಿ ಆ ಹೆಸರು ಬಂದದ್ದು. ತಾತನಿಗಾದರೋ ಇಪ್ಪತ್ತೊಂದೇ ವರ್ಷ. ಆದರೆ ಬಿರುಬೇಸಗೆಯಲ್ಲೂ ಮಫ್ಲರು, ಕೂತರೆ 'ಅಮ್ಮಾ', ಎದ್ದರೆ 'ಅಪ್ಪಾ'. ಸಂಖ್ಯಾಶಾಸ್ತ್ರ ಓದುತ್ತಿದ್ದ ಅವನು ಎಂಥ ಸಿಹಿಸುದ್ದಿಯನ್ನೂ ಒಮ್ಮೆ ಭಾಗಿಸಿ, ಗುಣಿಸಿ ನೋಡಿದ ಮೇಲೆಯೇ ನಗುತ್ತಿದ್ದದ್ದು. ಇನ್ನು ಯಜಮಾನಿ ಬಸ್ಸಿನ ಮುಂದುಗಡೆ ಡ್ರೈವರಿನ ಪಕ್ಕದ ಕಂಬ ಹಿಡಿದು ನಿಂತು, ಇನ್ನೆಷ್ಟು ಹೊತ್ತು, ಆ ಲಾರಿಯನ್ನು ಯಾಕೆ ಹಿಂದೆ ಹಾಕಲಿಲ್ಲ ಅಂತ ವಿಚಾರಣೆ ನಡೆಸಿದ್ದಳು. ಡ್ರೈವರು ಪಾಪ, ಅವಳನ್ನು ಕಂಪನಿಯ ಕಡೆಯವಳೆಂದು ತಿಳಿದು "ಆಯ್ತು ಮೇಡಂ" ಅನ್ನುತ್ತಿದ್ದ.

ಪರೀಕ್ಷೆ ಮುಗಿದ ವಾರ. ಬೆಳಗ್ಗೆ ಹೋಗಿ ಸಂಜೆ ಬರುವುದು, ಊಟ ತಿಂಡಿ ಎಲ್ಲ ನನ್ನದು ಅಂತ ಯಜಮಾನಿ ಹೇಳಿದಾಗಲೇ ಅನುಮಾನ ಬರಬೇಕಿತ್ತು ಅಂದ ತಾತ. ಅವಳ ಕೈಯಿಂದ ಒಂದು ಕಡ್ಡಿಪೆಟ್ಟಿಗೆ ಬಿಚ್ಚಿಸಬೇಕಾದರೂ ಮೂರು ದಿನ ಬೇಕು.

ಹಿಂದಿನ ಸೀಟಿನವರು ಬೇಯಿಸಿದ ಮೊಟ್ಟೆ ಸುಲಿಯಲು ಶುರುಮಾಡಿದರು. ಗುಬ್ಬಿ ಕಿಟಕಿ ತೆಗೆದು ತಲೆ ಹೊರಗೆ ಹಾಕಿದಳು. ಅವಳ ಮೂಗು ಮೊದಲಿನಿಂದ ಹೀಗಿರಲಿಲ್ಲ. ಮೂರು ತಿಂಗಳು ಹಾಸ್ಟೆಲ್ಲಿನ ಎಂಜಲು ತೂಗಿದ್ದಳು. ಆಹಾರ ವಿಜ್ಞಾನದ ವಿದ್ಯಾರ್ಥಿಗಳು ಜೋಡಿಯಾಗಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಗುಬ್ಬಿಗೆ ಯಜಮಾನಿ ಜೋಡಿ. ತಟ್ಟೆಯಲ್ಲಿ ಎಷ್ಟು ಅನ್ನ ಉಳಿಸಿ ಎಸೆಯುತ್ತಾರೆ ಅಂತ ಲೆಕ್ಕ ಹಾಕೋಣ ಅಂದವಳು ಗುಬ್ಬಿ. ಹೇಳಿದ ತಪ್ಪಿಗೆ ದಿನಾ ಮಧ್ಯಾಹ್ನದ ಊಟ ಮುಗಿದ ಮೇಲೆ ಎಂಬತ್ತು ತಟ್ಟೆಗಳನ್ನು ಬಳಿದು ಬಕೆಟ್ಟಿಗೆ ಹಾಕಿ ತೂಗಬೇಕಾಯಿತು. ಕಡಿದ ಮೂಳೆ, ಉಗಿದ ಸಿಪ್ಪೆ, ಯಾರೋ ಬಾಯಿ ಒರೆಸಿ ಸಾರಿನಲ್ಲಿ ಅದ್ದಿಟ್ಟ ಕಾಗದ, ಒಂದು ದಿನ ಯಾರದೋ ಹಲ್ಲಿನ ಕ್ಲಿಪ್ಪು. ಯಜಮಾನಿ ಬಾಗಿಲಾಚೆ ಕರವಸ್ತ್ರ ಮೂಗಿಗೆ ಹಿಡಿದು, "ಬೇಗ ಕಣೇ, ನಂಗೆ ವಾಕರಿಕೆ ಬರ್ತಿದೆ," ಅನ್ನುತ್ತಿದ್ದಳು. ಗುಬ್ಬಿ ಬಲಗೈಯನ್ನು ಎಂಜಲಲ್ಲಿಟ್ಟು, ಪ್ಲಾಸ್ಟಿಕ್ ಚೀಲದೊಳಗಿನ ಫೋನಿಗೆ ಎಡಗೈ ಹೆಬ್ಬೆಟ್ಟಿನಿಂದ ಅಂಕಿ ಒತ್ತುತ್ತಿದ್ದಳು. ಅಡುಗೆಮನೆಯ ಹೆಂಗಸನ್ನು ಹುಡುಗಿಯರೆಲ್ಲ ಅತ್ತೆ ಅನ್ನುತ್ತಿದ್ದರು. ಆ ಅತ್ತೆ ಕರುಣೆಯಿಂದ, "ಓದಿ ಓದಿ ಕೊನೆಗೆ ನನ್ನ ಕೆಲಸಕ್ಕೇ ಬಂದ್ಯಲ್ಲೇ ಮಗಳೇ," ಅನ್ನುತ್ತಿದ್ದಳು.

ಊರು ಬಂತು. ಊರು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕಲ್ಲಿನ ಹೆಬ್ಬಾಗಿಲು, ನೂರಾರು ವರ್ಷ ಜನ ಹತ್ತಿ ಇಳಿದು ನಡುವೆ ಬಾಣಲೆಯ ಹಾಗೆ ಸವೆದ ಮೆಟ್ಟಿಲು, ಗಂಟೆಗೋಪುರ, ಎತ್ತರದ ಕಿಟಕಿಗಳಲ್ಲಿ ಪುಸ್ತಕದ ಬೆನ್ನುಗಳು. ಆದರೆ ಹತ್ತಿರ ಹೋದರೆ ಮೆಟ್ಟಿಲ ಸಂದಿಯಲ್ಲೆಲ್ಲ ಅಗಿದು ಉಗುಳಿದ ಚ್ಯೂಯಿಂಗ್ ಗಮ್ಮು, ಕಂಬದ ಬುಡದಲ್ಲಿ ಮೂತ್ರದ ಕಲೆ, ಪಾರಿವಾಳದ ಹಿಕ್ಕೆಯಿಂದ ಬೆಳ್ಳಗಾದ ಯಾವನೋ ಮಹಾಪಂಡಿತನ ತಲೆ. "ಜ್ಞಾನ ಮೇಲಿಂದ ಇಳಿದು ಬರುತ್ತೆ ಅನ್ನೋದು ಇದಕ್ಕೇ," ಅಂದ ತಾತ. ಗುಬ್ಬಿ ನಕ್ಕಳು. ಅಷ್ಟರಲ್ಲಿ ಹೆಬ್ಬಾಗಿಲ ಪಕ್ಕದ ಫೋಟೊ ಅಂಗಡಿಯಿಂದ ಯಜಮಾನಿ ಕೂಗಿದಳು.

ಅಲ್ಲಿ ಬಂದವರಿಗೆಲ್ಲ ಪದವಿ ನಿಲುವಂಗಿ ಬಾಡಿಗೆಗೆ ತೊಡಿಸಿ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಯಜಮಾನಿ ಆಗಲೇ ತೊಟ್ಟು, ಟೋಪಿಯನ್ನು ಓರೆ ಇಟ್ಟುಕೊಂಡು ನಿಂತಿದ್ದಳು.

"ನೀನೂ ಹಾಕ್ಕೊಳ್ಳೇ ಗುಬ್ಬಿ. ಫ್ರೀ. ಎರಡಕ್ಕೆ ಕೊಟ್ಟಿದೀನಿ."

"ಬೇಡ ಕಣೇ."

"ಹಾಕ್ಕೋ ಅಂದ್ರೆ. ನಿಂಗಿನ್ಯಾವಾಗ ಸಿಗುತ್ತೆ ಇದು?"

ಮಾತು ಎಲ್ಲೋ ಚುಚ್ಚಿತು, ಆದರೂ ಗುಬ್ಬಿ ಕೈ ತೂರಿಸಿದಳು. ಬಟ್ಟೆಯ ಕಂಕುಳು ಒದ್ದೆಯಾಗಿ ತಣ್ಣಗಿತ್ತು. ಕೊರಳಪಟ್ಟಿಯಲ್ಲಿ ಎಷ್ಟು ಕುತ್ತಿಗೆಗಳ ಜಿಡ್ಡೋ, ಉಗುರು ತಾಗಿಸಿದರೆ ಮೇಣದ ಹಾಗೆ ಏಳುತ್ತಿತ್ತು. ಟೋಪಿಯೊಳಗೆ ಯಾರದೋ ಉದ್ದ ಕೂದಲು ಸುರುಳಿಯಾಗಿ ಕೂತಿತ್ತು. ಫೋಟೊದವನು "ನಗಿ ಅಕ್ಕ" ಅಂದ. ಅವಳು ಹಲ್ಲು ಬಿಟ್ಟಳು. ಬಿಚ್ಚಿದ ಮೇಲೆ ನಲ್ಲಿ ಹುಡುಕಿ ಕುತ್ತಿಗೆಯನ್ನು ಮೂರು ಸಲ ತೊಳೆದಳು.

"ಅತಿ ಆಯ್ತು ನಿಂದು," ಅಂದಳು ಯಜಮಾನಿ. "ಬನ್ನಿ, ನಮ್ಮ ಡಿಪಾರ್ಟ್‌ಮೆಂಟ್ ತೋರಿಸ್ತೀನಿ. ಒಂದು ಫಾರಂ ಕೊಡೋದಿದೆ, ಐದು ನಿಮಿಷ. ನೀವು ಹೊರಗೇ ನಿಂತಿರಿ, ಒಳಗೆಲ್ಲ ಬರೋ ಹಾಗಿಲ್ಲ."

'ನಮ್ಮ' ಡಿಪಾರ್ಟ್‌ಮೆಂಟು ಹಿಂಬದಿಯ ಅಂಗಳದಲ್ಲಿತ್ತು. ಯಜಮಾನಿ ಆಫೀಸಿನ ಗಾಜಿನ ಬಾಗಿಲೊಳಗೆ ಹೋದಳು. ಐದು ನಿಮಿಷ ಹತ್ತಾಯಿತು, ಹದಿನೈದಾಯಿತು. ಗುಬ್ಬಿಗೆ ಒಂದೇ ಕಡೆ ನಿಂತರೆ ಕಾಲಿಗೆ ಇರುವೆ ಹತ್ತುತ್ತದೆ. "ಸುಮ್ನೆ ಒಂದು ರೌಂಡು," ಅಂತ ತಾತನನ್ನು ಎಳೆದುಕೊಂಡು ಮೂಲೆ ತಿರುಗಿದಳು.

ಅಲ್ಲಿ ಉದ್ದ ಗೋಡೆಗೆ 'ಈ ವರ್ಷ ಆಯ್ಕೆಯಾದವರ ಕೆಲಸ' ಅಂತ ಬರೆದು ಆಳೆತ್ತರದ ಹಾಳೆಗಳನ್ನು ಅಂಟಿಸಿದ್ದರು. ನಾಲ್ಕನೆಯದರ ಮುಂದೆ ಗುಬ್ಬಿಯ ಕಾಲು ನಿಂತುಬಿಟ್ಟಿತು.

ಹಾಳೆಯ ನಡುವೆ ಒಂದು ದೊಡ್ಡ ಫೋಟೊ. ಹಳದಿ ಗ್ಲೌಸು ತೊಟ್ಟ ಕೈಯೊಂದು ಎಂಜಲು ಬಕೆಟ್ಟಿನೊಳಗೆ ಮುಳುಗಿದೆ. ಗ್ಲೌಸಿನ ಕಿರುಬೆರಳು ಹರಿದಿದ್ದಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದೆ. ಆ ಬ್ಯಾಂಡನ್ನು ಅವಳು ತನ್ನ ಜಡೆಯಿಂದಲೇ ಬಿಚ್ಚಿ ಸುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ, 'ಒಬ್ಬ ವಿದ್ಯಾರ್ಥಿ, ಒಂದು ಊಟ, 160 ಗ್ರಾಂ ಎಂಜಲು.' ಅದರ ಕೆಳಗೆ ಒಂದು ಹೆಸರು. ಒಂದೇ. ಯಜಮಾನಿಯದು.

"ಇದು ನಿನ್ನ ಕೈ," ಅಂದ ತಾತ.

ಗುಬ್ಬಿ ಮಾತಾಡಲಿಲ್ಲ. ಗುಬ್ಬಿ ಮಾತಾಡದೆ ಇದ್ದದ್ದನ್ನು ತಾತ ಅಲ್ಲಿಯವರೆಗೆ ನೋಡಿರಲಿಲ್ಲ.

ನೆಲ ಒರೆಸುತ್ತಿದ್ದ ಜವಾನ ಕೋಲಿಗೆ ಒರಗಿ ನಿಂತ. "ಎಲ್ಲರೂ ಅದನ್ನೇ ನೋಡ್ತಾರೆ ನೋಡಿ. ಆ ಹುಡುಗಿ ಮೂರು ತಿಂಗಳು ಕೈಯಾರೆ ಬಳಿದ್ಲಂತೆ, ಒಬ್ಬಳೇ. ನಮ್ಮ ಪ್ರೊಫೆಸರಮ್ಮ ಬಂದೋರಿಗೆಲ್ಲ ತೋರಿಸ್ತಾರೆ, ಓದೋರಂದ್ರೆ ಹೀಗಿರಬೇಕು ಅಂತ. ನಾಳೆಯಿಂದ ನಮ್ಮ ಮೆಸ್ಸಲ್ಲೂ ಇದೇ ಲೆಕ್ಕದ ಮೇಲೆ ಅಡುಗೆ ಕಮ್ಮಿ ಮಾಡ್ತಾರಂತೆ."

"ಎಷ್ಟು ಕಮ್ಮಿ?" ಅಂತ ಕೇಳಿದವನು ತಾತ.

"ತಲೆಗೆ ನೂರರವತ್ತು ಗ್ರಾಂ. ಅಲ್ಲೇ ಬರೆದಿದೆಯಲ್ಲ ಸ್ವಾಮಿ."

ತಾತ ಗುಬ್ಬಿಯ ಮುಖ ನೋಡಿದ. ಗುಬ್ಬಿ ನೆಲ ನೋಡಿದಳು. ಯಾಕೆಂದರೆ ಆ ನೂರರವತ್ತು ತಪ್ಪು ಅಂತ ಇಡೀ ಲೋಕದಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೇ.

ಅದು ಹೀಗಾಗಿತ್ತು. ಎಂಜಲು ತೂಗಲು ಅವಳಿಗೆ ಸಿಕ್ಕದ್ದು ಉಗ್ರಾಣದ ಹಳೆಯ ಕೊಕ್ಕೆ ತಕ್ಕಡಿ. ಕೊಕ್ಕೆಗೆ ಏನು ಸಿಕ್ಕಿಸಿದರೂ ಅಷ್ಟೂ ಮುಳ್ಳಿನಲ್ಲಿ ಬರುತ್ತದೆ, ಬಕೆಟ್ಟೂ ಸೇರಿ. ಬಕೆಟ್ಟಿನ ತೂಕ ಆಮೇಲೆ ಕಳೆದರಾಯಿತು ಅಂದುಕೊಂಡಳು. ಮೂಗು ಮುಚ್ಚಿ, ಉಸಿರು ಬಿಗಿಹಿಡಿದು, ಕಣ್ಣು ಅರ್ಧ ಮುಚ್ಚಿ ಮೂರು ತಿಂಗಳು ತೂಗಿ, ಕೊನೆಗೆ ಕಳೆಯುವುದನ್ನೇ ಮರೆತಳು. ಪ್ರಾಜೆಕ್ಟು ಇಬ್ಬರ ಹೆಸರಲ್ಲಿ ಕಾಲೇಜಿಗೆ ಹೋಯಿತು, ಎಲ್ಲರಿಗಿಂತ ಹೆಚ್ಚು ಮಾರ್ಕ್ಸು ಬಂತು. ಅದಾಗಿ ಕೆಲವು ದಿನಕ್ಕೆ ಅತ್ತೆಯ ಜೊತೆ ಹರಟುತ್ತ ಗುಬ್ಬಿ ತಮಾಷೆಗೆ ಖಾಲಿ ಬಕೆಟ್ಟನ್ನು ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಒಂದು ಕಿಲೋ ಇನ್ನೂರು ಗ್ರಾಮಿಗೆ ಹೋಗಿ ನಿಂತಿತು. ಅವಳ ಎದೆಯೂ ನಿಂತಿತು. ತಾತನಲ್ಲಿಗೆ ಓಡಿದಳು. ಊಟಕ್ಕೆ ನಾಲ್ಕು ಬಕೆಟ್ಟು, ಎಂಬತ್ತು ಜನ. ಅವನು ಉಸಿರು ಬಿಡುವಷ್ಟರಲ್ಲಿ ಹೇಳಿದ, "ತಲೆಗೆ ಅರವತ್ತು ಗ್ರಾಂ ಸ್ಟೀಲು ತಿನ್ನಿಸಿದೀಯ. ನಿಜವಾದದ್ದು ನೂರೇ." ಮಾರ್ಕ್ಸು ಬಂದಾಗಿತ್ತು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಯಜಮಾನಿಗೂ ಹೇಳಲಿಲ್ಲ.

"ಇಲ್ಲಿದೀರಾ," ಅಂತ ದನಿ ಬಂತು. ಯಜಮಾನಿ ಮೂಲೆಯಲ್ಲಿ ನಿಂತಿದ್ದಳು. ಹಾಳೆಯನ್ನೂ ಇವರನ್ನೂ ಒಮ್ಮೆ ನೋಡಿ, ತಡವರಿಸದೆ ಅಂದಳು, "ಊಟಕ್ಕೆ ಹೋಗೋಣ. ಹೊಟ್ಟೆ ತಾಳ ಹಾಕ್ತಿದೆ."

ಹೋಟೆಲು ಇಕ್ಕಟ್ಟಾಗಿತ್ತು. ಟೇಬಲ್ಲಿನ ಮೇಲೆ ಮೊಣಕೈ ಊರಿದರೆ ಅಂಟಿಕೊಂಡು ಬರುತ್ತಿತ್ತು. ಮಾಣಿ ಒಂದೇ ಬಟ್ಟೆಯಲ್ಲಿ ಟೇಬಲ್ಲು ಒರೆಸಿ, ಲೋಟ ಒರೆಸಿ, ಹಣೆಯನ್ನೂ ಒರೆಸಿಕೊಂಡ. ಯಜಮಾನಿ ಮೂರು ಊಟ ತರಿಸಿ ತಾನು ಗಬಗಬ ತಿನ್ನತೊಡಗಿದಳು. ಗುಬ್ಬಿ ತಟ್ಟೆ ಮುಟ್ಟಲಿಲ್ಲ.

"ಒಂದು ಹೆಸರು ಯಾಕಿದೆ?" ಅಂದಳು ಕೊನೆಗೆ.

"ನೀನೇ ಹೇಳಿದ್ದು."

"ನಾನಾ?"

"ಹೂಂ ನೀನೇ. ಕೊನೇ ದಿನ ಬಕೆಟ್ ತೊಳೀತಾ ಏನಂದೆ? ಈ ದರಿದ್ರ ನಂಗೆ ಬೇಡ, ನನ್ನ ಹೆಸರು ಬೇಕಾದ್ರೆ ಹೊಡೆದುಹಾಕು, ಇನ್ನು ಜನ್ಮದಲ್ಲಿ ಎಂಜಲಿನ ಮಾತೆತ್ತಬೇಡ ಅಂದೆ. ಅಂದ್ಯೋ ಇಲ್ವೋ?"

ಅಂದಿದ್ದಳು. ಅದೇ ಮಾತು, ಅದೇ ಸಿಟ್ಟಲ್ಲಿ. ಉಗುರಿನ ಸಂದಿಯ ವಾಸನೆ ಹೋಗದೆ ಅಳು ಬಂದ ದಿನ ಅದು.

"ಅದು ಬೇಜಾರಿಗೆ ಅಂದಿದ್ದು ಕಣೇ."

"ನಾನು ನಿಜಕ್ಕೆ ಕೇಳಿಸ್ಕೊಂಡೆ. ನೋಡು, ನೀನು ತೂಗಿದ್ದೆ, ನಾನು ಅರ್ಜಿ ಬರೆದೆ. ಹದಿನಾಲ್ಕು ಪುಟ. ಯಾರಿಗೆ ಏನು ಬರುತ್ತೋ ಅದು ಮಾಡಿದ್ವಿ. ನಿಂಗೆ ಈ ಸೀಟು ಬೇಕು ಅಂತ ಯಾವತ್ತಾದ್ರೂ ಅನ್ಸಿತ್ತಾ?"

"ಸೀಟು ಬೇಡ. ಕೈ ನಂದು."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ತಾತ ತಟ್ಟೆ ನೋಡಿಕೊಂಡೇ ಅಂದ. "ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಅಂತ ಎಲ್ಲೂ ಕೇಳಿರ್ಲಿಲ್ಲ."

"ನೀನು ಸುಮ್ನಿರೋ ಮುದಿಯಾ."

ಅಷ್ಟರಲ್ಲಿ ಯಜಮಾನಿಯ ಫೋನು ಬಡಿದುಕೊಂಡಿತು. ಎರಡೂ ಕೈ ಊಟದಲ್ಲಿದ್ದವು. ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದಳು. ಅವಳಪ್ಪ. ಬಸ್ ಡಿಪೋದಲ್ಲಿ ಇಂಜಿನ್ ರಿಪೇರಿ ಮಾಡುವ ಮನುಷ್ಯ. ಹಿಂದೆ ಕಬ್ಬಿಣ ಬಡಿಯುವ ಸದ್ದಿತ್ತು.

"ಮಗಾ, ಊಟ ಆಯ್ತಾ? ನೀನು ಕಳಿಸಿದ್ದ ಆ ಕೈ ಫೋಟೊ ಡಿಪೋದಲ್ಲಿ ಎಲ್ಲರಿಗೂ ತೋರಿಸ್ದೆ. ಅಳು ಬಂತು ಕಣಮ್ಮ. ನನ್ನ ಕೈ ಗ್ರೀಸಲ್ಲಿ ಹೋಯ್ತು, ನನ್ನ ಮಗಳ ಕೈ ಎಂಜಲಲ್ಲಿ ಹೋಯ್ತು ಅಂದೆ. ಆದ್ರೆ ಅದರಿಂದ್ಲೇ ಮೇಲೆ ಬಂದ್ಯಲ್ಲ. ಗುಬ್ಬಿ ಪುಟ್ಟಿ ಅಲ್ಲೇ ಇದಾಳಾ? ಅವಳಿಗೂ ಹೇಳು, ನಿನ್ನ ನೋಡಿ ಕಲೀಲಿ."

"ಆಮೇಲೆ ಮಾಡ್ತೀನಪ್ಪ," ಅಂತ ಯಜಮಾನಿ ಫೋನು ಮಗುಚಿಟ್ಟಳು.

ಗುಬ್ಬಿಯ ಹೊಟ್ಟೆಯಿಂದ ಹುಳಿಯಾದದ್ದೇನೋ ಮೇಲೆ ಬಂದು ನಾಲಿಗೆಯ ಬುಡದಲ್ಲಿ ನಿಂತಿತು. ಮೂರು ತಿಂಗಳಲ್ಲಿ ಯಾವ ಬಕೆಟ್ಟೂ ತರಿಸದಿದ್ದ ವಾಕರಿಕೆ. ಮಾರ್ಕ್ಸು ಕದಿಯಲಿ, ಸೀಟು ಕದಿಯಲಿ. ಅಪ್ಪನಿಗೆ ಬೇರೆಯವರ ಕೈ ತೋರಿಸಿ ಇದು ನಿನ್ನ ಮಗಳ ಕೈ ಅನ್ನುವುದು, ಆ ಮನುಷ್ಯ ಅದನ್ನು ನೋಡಿ ಅಳುವುದು.

"ಅಂಕಲ್‌ಗೂ ಹೇಳಿದೀಯಾ?"

ಯಜಮಾನಿ ಅರ್ಧ ಊಟ ಬಿಟ್ಟು ತಟ್ಟೆಯನ್ನು ಆಚೆ ತಳ್ಳಿದಳು. ಅದರ ನಡುವೆಯೇ ಕೈ ತೊಳೆದಳು. ಅನ್ನದ ಮೇಲೆ ಬೂದುನೀರು ಹರಡಿತು. ಇನ್ನೂರೈವತ್ತು ಗ್ರಾಂ ಅಂದುಕೊಂಡವು ಗುಬ್ಬಿಯ ಕಣ್ಣು, ಅವಳು ಬೇಡವೆಂದರೂ.

"ಆ ಅಂಕಿ ತಪ್ಪು," ಅಂದಳು ಗುಬ್ಬಿ.

"ಯಾವ ಅಂಕಿ?"

"ನೂರರವತ್ತು. ನಾನು ಬಕೆಟ್ ತೂಕ ಕಳೀಲಿಲ್ಲ. ನಿಜವಾಗ್ಲೂ ನೂರು. ನಂಗೆ ಗೊತ್ತಾಗಿ ಎರಡು ತಿಂಗಳಾಯ್ತು."

ಯಜಮಾನಿಯ ಮುಖದಲ್ಲಿ ಮೊದಲು ಏನೂ ಬರಲಿಲ್ಲ. ಆಮೇಲೆ ನಿಧಾನಕ್ಕೆ ಒಂದು ನಗು ಬಂತು, ಒಳ್ಳೆಯದಲ್ಲದ ನಗು. "ಎರಡು ತಿಂಗಳು ಮುಚ್ಚಿಟ್ಟಿದೀಯ. ಮಾರ್ಕ್ಸ್ ತಗೊಂಡು ಹಾಯಾಗಿದೀಯ. ಈಗ ನಂಗೆ ಬುದ್ಧಿ ಹೇಳ್ತಿದೀಯ. ಹೋಗು, ಪ್ರೊಫೆಸರ್ ಹತ್ರ ಹೋಗಿ ಇದು ನಂದು ಅನ್ನು. ಆವಾಗ ಆ ತಪ್ಪೂ ನಿಂದೇ ಆಗುತ್ತೆ, ಕಾಲೇಜಿನ ಮಾರ್ಕ್ಸೂ ಹೋಗುತ್ತೆ. ಸುಮ್ನಿದ್ರೆ ಯಾರಿಗೂ ಏನೂ ಇಲ್ಲ. ಯೋಚನೆ ಮಾಡು ಮರಿ."

ಗುಬ್ಬಿಯ ಬಗ್ಗೆ ಯಜಮಾನಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಗುಬ್ಬಿಗೆ ತನ್ನ ಬಗ್ಗೆಯೇ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು. ಎರಡು ತಿಂಗಳು ತಾನು ಮಾಡಿದ್ದಾದರೂ ಏನು? ಆ ಬಾಡಿಗೆ ನಿಲುವಂಗಿಯನ್ನು ತೊಟ್ಟೇ ತಿರುಗಿದ ಹಾಗಲ್ಲವೇ, ಬೇರೆಯವರ ಬೆವರು ಅಂತ ಮೂಗು ಮುರಿಯುತ್ತ?

ಅವಳು ಎದ್ದಳು. "ಬರ್ತೀಯಾ ತಾತ?"

"ಊಟ..." ಅಂದ ತಾತ. ಆಮೇಲೆ ತಟ್ಟೆಯಲ್ಲಿದ್ದದ್ದನ್ನು ಎರಡೇ ತುತ್ತಿಗೆ ಮುಗಿಸಿ, ಬೆರಳು ನೆಕ್ಕಿ ಎದ್ದ. "ತಟ್ಟೇಲಿ ಬಿಡೋ ಹಾಗಿಲ್ವಲ್ಲ ನಿನ್ ಜೊತೆ."

ಪ್ರೊಫೆಸರರ ಕೋಣೆ ಮಹಡಿಯ ತುದಿಯಲ್ಲಿತ್ತು. ಬಾಗಿಲಿಗೆ ಹೋಗುವವರೆಗೂ ಬಿಸಿಯಾಗಿದ್ದ ಧೈರ್ಯ ಬಾಗಿಲು ತಟ್ಟುವಾಗ ಆರಿತು. ತಟ್ಟಿದವನು ತಾತ. ಆಮೇಲೆ ಅವನು ಗೋಡೆಗೆ ಅಂಟಿಕೊಂಡು, "ನಾನು ಇಲ್ಲೇ ಇರ್ತೀನಿ, ಲೆಕ್ಕ ಬೇಕಾದ್ರೆ ಕರಿ," ಅಂದ.

ಒಳಗೆ ದಪ್ಪ ಕನ್ನಡಕದ ಹೆಂಗಸೊಬ್ಬರು ಡಬ್ಬಿಯ ಊಟ ಮುಗಿಸಿ, ಡಬ್ಬಿಯ ಮೂಲೆಯನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದರು. ಒಂದು ಅಗುಳೂ ಉಳಿದಿರಲಿಲ್ಲ.

"ಹೇಳಿ."

"ಮೇಡಂ, ಕೆಳಗೆ ಗೋಡೇಲಿ ಎಂಜಲಿನದೊಂದು ಹಾಳೆ ಇದೆಯಲ್ಲ. ಆ ಫೋಟೊದಲ್ಲಿರೋ ಕೈ ನಂದು."

ಪ್ರೊಫೆಸರು ಡಬ್ಬಿ ಮುಚ್ಚಿದರು. "ಕೂತ್ಕೊಳ್ಳಿ."

ಗುಬ್ಬಿ ಕೂರಲಿಲ್ಲ. ಕೂತರೆ ಮಾತು ಒಳಗೇ ಉಳಿದುಬಿಡುತ್ತದೆ ಅನ್ನಿಸಿತು. "ಮತ್ತೆ ಆ ಅಂಕಿ ತಪ್ಪಿದೆ. ನೂರು ಅಂತಿರಬೇಕು. ನಾಳೆಯಿಂದ ಅದರ ಮೇಲೆ ಅಡುಗೆ ಕಮ್ಮಿ ಮಾಡಿದ್ರೆ ಕೊನೇಗೆ ಬಂದೋರಿಗೆ ಊಟ ಸಿಗಲ್ಲ."

"ಇದು ನನ್ನ ಕೆಲಸ ಅಂತ ಹೇಳೋಕೆ ಬಂದ್ರಾ, ಇದು ತಪ್ಪು ಅಂತ ಹೇಳೋಕೆ ಬಂದ್ರಾ?"

"ಎರಡೂ. ತಪ್ಪು ಮಾಡಿದ್ದು ನಾನೇ."

ಫೋನು ತೆಗೆದು ಮೇಜಿನ ಮೇಲಿಟ್ಟಳು. ಮೂರು ತಿಂಗಳ ಟಿಪ್ಪಣಿ, ತಾರೀಖಿನ ಪ್ರಕಾರ, ಎಡಗೈ ಹೆಬ್ಬೆಟ್ಟಿನ ತಪ್ಪು ಅಕ್ಷರಗಳ ಸಮೇತ. ಪ್ರೊಫೆಸರು ಒಂದೊಂದಾಗಿ ಸರಿಸಿ ಓದಿದರು. ಅಂಕಿಗಳ ನಡುವೆ ನಡುವೆ 'ಥೂ', 'ಇವತ್ತು ಮೀನಿನ ಕಣ್ಣು', 'ನಾಳೆಯಿಂದ ನಾನು ಬರಲ್ಲ', 'ಬಂದೆ' ಅಂತೆಲ್ಲ ಇದ್ದವು. ಅವರ ತುಟಿ ಒಮ್ಮೆ ಅಲುಗಿತು, ನಗಲಿಲ್ಲ.

"ಬಕೆಟ್ ಖಾಲಿ ಎಷ್ಟಿದೆ?"

"ಒಂದು ಕಿಲೋ ಇನ್ನೂರು."

"ನಾಲ್ಕೂ ಒಂದೇ ತೂಕಾನಾ?"

ಗುಬ್ಬಿ ತೂಗಿದ್ದು ಒಂದೇ ಬಕೆಟ್ಟು. "ಒಂದೇ ಥರ ಇದಾವೆ. ತೂಗಿಲ್ಲ ಮೇಡಂ."

"ಅಂದ್ರೆ ನೂರೂ ಗ್ಯಾರಂಟಿ ಇಲ್ಲ."

"ಇಲ್ಲ."

ಬಾಗಿಲಾಚೆ ತಾತ "ಅಯ್ಯೋ" ಅಂದದ್ದು ಕೇಳಿಸಿತು. ಅವನಿಗೂ ಹೊಳೆದಿರಲಿಲ್ಲ.

"ತಪ್ಪು ಯಾವಾಗ ಗೊತ್ತಾಯ್ತು?"

"ಎರಡು ತಿಂಗಳಾಯ್ತು."

"ಯಾರಿಗೆ ಹೇಳಿದ್ರಿ?"

"ಒಬ್ಬ ಫ್ರೆಂಡಿಗೆ. ಕಾಲೇಜಲ್ಲಿ ಹೇಳ್ಲಿಲ್ಲ. ಮಾರ್ಕ್ಸ್ ಬಂದಿತ್ತು."

ಪ್ರೊಫೆಸರು ಕನ್ನಡಕ ತೆಗೆದು ಅವಳನ್ನು ನೋಡಿದರು. ಗುಬ್ಬಿಗೆ ಆ ನೋಟ ಚೆನ್ನಾಗಿ ಪರಿಚಯವಿತ್ತು. ಸಾರಿನಲ್ಲಿ ಅದ್ದಿದ ಕಾಗದವನ್ನು ಎರಡು ಬೆರಳಲ್ಲಿ ಎತ್ತುವಾಗ ತಾನು ಹಾಗೆ ನೋಡುತ್ತಿದ್ದಳು. ಕಣ್ಣು ತಗ್ಗಿಸಬೇಕು ಅನ್ನಿಸಿತು. ತಗ್ಗಿಸಲಿಲ್ಲ.

"ಒಬ್ಬರು ಮಾಡದೆ ಇರೋದನ್ನ ಮಾಡಿದೆ ಅಂದ್ರು. ಇನ್ನೊಬ್ಬರು ಮಾಡಿದ ತಪ್ಪನ್ನ ಮುಚ್ಚಿಟ್ರು. ನಂಗೆ ಇವತ್ತು ಊಟ ಜೀರ್ಣ ಆಗಲ್ಲ," ಅಂದರು ಪ್ರೊಫೆಸರು. ಮೇಜಿನ ಫೋನೆತ್ತಿ ಯಾರಿಗೋ, ಮೆಸ್ಸಿನವರಿಗೇ ಇರಬೇಕು, ನಾಳೆ ಅಡುಗೆ ಎಂದಿನಷ್ಟೇ ಇರಲಿ, ಏನೂ ಕಮ್ಮಿ ಮಾಡಬೇಡಿ ಅಂದರು. ಆಮೇಲೆ ಇವಳ ಕಡೆ ತಿರುಗಿದರು. "ನಾಳೆ ಬೆಳಗ್ಗೆ ಒಂಬತ್ತಕ್ಕೆ ಇಲ್ಲಿ. ಇಬ್ಬರೂ ಬರಬೇಕು. ಆಯ್ಕೆ ಸಮಿತಿಯವರೂ ಇರ್ತಾರೆ. ಅವರಿಗೆ ನಾನು ಪತ್ರ ಬರೀತೀನಿ, ಅವರಿಗೆ ಹೇಳೋದು ನೀವು."

"ಸೀಟು ಹೋಗುತ್ತಾ ಮೇಡಂ ಅವಳಿಗೆ?"

"ಅದು ನಾಳೆ. ನಿಮ್ಮ ಮಾರ್ಕ್ಸಿನ ಬಗ್ಗೆ ನಿಮ್ಮ ಕಾಲೇಜಿಗೂ ತಿಳಿಸಬೇಕಾಗುತ್ತೆ. ಅದು ಗೊತ್ತಿದ್ದೇ ಬಂದ್ರಾ?"

"ಗೊತ್ತಿತ್ತು."

"ಸರಿ. ಹೋಗಿ."

ಬಸ್ ಸ್ಟ್ಯಾಂಡಿನಲ್ಲಿ ಯಜಮಾನಿ ಒಬ್ಬಳೇ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಯಾರೋ ವಾಂತಿ ಮಾಡಿದ್ದಕ್ಕೆ ಮಣ್ಣು ಮುಚ್ಚಿದ್ದರು. ಅವಳಿಗೆ ಅದು ಕಂಡಂತಿರಲಿಲ್ಲ. ಡ್ರೈವರಿಗೇ ಆಜ್ಞೆ ಕೊಟ್ಟ ಹುಡುಗಿ, ಈಗ ಬಸ್ಸು ಯಾವುದು ಅಂತಲೂ ಕೇಳಿರಲಿಲ್ಲ.

"ಹೇಳಿಬಿಟ್ಯಾ?"

"ಹೂಂ. ನಂದೂ ಹೇಳ್ದೆ."

"ನಾಯಿ ಜನ್ಮ ನಿಂದು."

"ಇರಬಹುದು."

ತಾತ ಮೂಗಿಗೆ ಮಫ್ಲರು ಸುತ್ತಿಕೊಂಡು ಬೆಂಚಿನ ಇನ್ನೊಂದು ತುದಿ ಹುಡುಕಿದ. ಗುಬ್ಬಿ ವಾಸನೆಯನ್ನು ಸಹಿಸಿಕೊಂಡು ಯಜಮಾನಿಯ ಪಕ್ಕದಲ್ಲೇ ಕೂತಳು. ಬೇರೆ ಜಾಗವಿರಲಿಲ್ಲ ಅಂತಲ್ಲ.

"ಅಪ್ಪಂಗೆ ಏನು ಹೇಳ್ಲಿ?" ಅಂದಳು ಯಜಮಾನಿ. ಕೇಳಿದ್ದು ಗುಬ್ಬಿಯನ್ನೋ ಎದುರಿನ ಗೋಡೆಯನ್ನೋ ತಿಳಿಯಲಿಲ್ಲ.

"ನಂಗೊತ್ತಿಲ್ಲ."

"ನೀನು ಹೇಳಬೇಡ. ನಾನೇ ಹೇಳ್ತೀನಿ."

"ಸರಿ."

"ನಿನ್ ಜೊತೆ ಇನ್ನು ಮಾತಾಡಲ್ಲ ನಾನು."

"ನಾಳೆ ಮಾತಾಡಬೇಕಾಗುತ್ತೆ. ಇಬ್ಬರೂ ಬರಬೇಕಂತೆ, ಕಮಿಟಿ ಮುಂದೆ."

ಯಜಮಾನಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು, ಏನು ಮುಚ್ಚಿದ್ದಾರೆಂದು ಆಗ ಕಂಡು ಥೂ ಅಂತ ಕಾಲೆಳೆದುಕೊಂಡಳು. ಗುಬ್ಬಿ ತನ್ನ ನೀರಿನ ಬಾಟಲಿ ಕೊಟ್ಟಳು. ಅವಳು ಅದನ್ನು ತೆಗೆದುಕೊಂಡು ಚಪ್ಪಲಿ ತೊಳೆದಳು. ಥ್ಯಾಂಕ್ಸ್ ಅನ್ನಲಿಲ್ಲ.

"ಎಷ್ಟು ಗಂಟೆಗೆ?"

"ಒಂಬತ್ತಕ್ಕೆ. ಮಹಡಿ ಮೇಲೆ, ಕೊನೇ ಕೋಣೆ."

"ಮೊದಲನೇ ಬಸ್ಸು ಆರೂವರೆಗೆ," ಅಂದಳು ಯಜಮಾನಿ, ಮುಖ ತಿರುಗಿಸಿಕೊಂಡೇ. "ಆರೂಕಾಲಿಗೆ ಸ್ಟ್ಯಾಂಡಲ್ಲಿ ಇರು. ಲೇಟ್ ಮಾಡಿದ್ರೆ ಕಾಯಲ್ಲ ನಾನು."